ದೊಡ್ಡಪ್ಪ ಕಳಿಸಿದ ಪಾದ್ರಿಯ ಸಾಲುಗಳು

ಭಾನುವಾರ ಬೆಳಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಚಿತ್ರ ಹಾಕಿದರು. ಒಬ್ಬೊಬ್ಬರನ್ನೇ ಹಿಡಿದುಕೊಂಡು ಹೋದಾಗ ನಾನು ಸುಮ್ಮನಿದ್ದೆ, ಕೊನೆಗೆ ನನ್ನ ಪಾಳಿ ಬಂತು ಅನ್ನುವ ಸಾಲುಗಳು. ಎಲ್ಲರಿಗೂ ಗೊತ್ತಿರುವಂಥವೇ. ಕೆಳಗೆ ಕೆಂಪಕ್ಷರದಲ್ಲಿ, 'ಇದನ್ನು ಬರೆದ ಪಾದ್ರಿಯನ್ನು ಹಿಟ್ಲರ್ ಗಲ್ಲಿಗೇರಿಸಿದ.'

ದೊಡ್ಡಪ್ಪ: ಎಲ್ಲರೂ ಓದಿ, ಮಕ್ಕಳಿಗೂ ಓದಿಸಿ. ದೇವರನ್ನು ನಂಬಿದವನು ಅನ್ಯಾಯಕ್ಕೆ ತಲೆ ಬಗ್ಗಿಸಲ್ಲ.

ಆರು ಜನ ಕೈ ಮುಗಿದರು.

ನಾನು: ದೊಡ್ಡಪ್ಪ, ಇವರು ಜರ್ಮನಿಯ ಪಾದ್ರಿ ಮಾರ್ಟಿನ್ ನೀಮೊಲ್ಲರ್. ಗಲ್ಲಿಗೇರಿಸಿಲ್ಲ. 1984ರಲ್ಲಿ, 92ನೇ ವಯಸ್ಸಿಗೆ ತೀರಿಕೊಂಡರು. ಗಲ್ಲಿಗೇರಿಸಿದ್ದು ಬೋನ್‌ಹೋಫರ್ ಅನ್ನುವ ಇನ್ನೊಬ್ಬ ಪಾದ್ರಿಯನ್ನು, 1945ರ ಏಪ್ರಿಲ್‌ನಲ್ಲಿ.

ಕಿಟ್ಟಿ ಅಣ್ಣ: ಇದಕ್ಕೆ ಆಧಾರ ಏನು? ಇಬ್ಬರೂ ಹೇಳಿ. ಲಾಕ್‌ಡೌನಲ್ಲಿ ಇದೇ ಗುಂಪಲ್ಲಿ ಬಂದ ಕಷಾಯ ಕುಡಿದು ಅಮ್ಮ ಎರಡು ದಿನ ಮಲಗಿದ್ರು.

ಅತ್ತೆ: ದೊಡ್ಡವರು ಒಳ್ಳೇದು ಹಾಕಿದ್ರೆ ಅದರಲ್ಲೂ ತಪ್ಪು ಹುಡುಕಬೇಕಾ?

ಸುಮಾ: ಪಾದ್ರಿ ಅಂದಕೂಡಲೇ ನಮ್ಮ ಸ್ಕೂಲ್ ಫಾದರ್ ನೆನಪಾದ್ರು. ಕ್ರಿಸ್‌ಮಸ್‌ಗೆ ಕೇಕ್ ತಂದ್ರೆ ಅಜ್ಜಿ 'ಮೊಟ್ಟೆ ಇಲ್ವಲ್ಲ?' ಅಂತ ಕೇಳಿ, ಜಗಲಿಯಲ್ಲಿ ಕೂರಿಸಿ ಎಲ್ಲರಿಗೂ ಹಂಚ್ತಿದ್ರು.

ಚಿಕ್ಕಮ್ಮ: ಆ ಜಗಲಿ ನನಗೂ ನೆನಪಿದೆ. ಮನೆ ಪಾಲಾದ ದಿನ ಎಲ್ಲರೂ ಅಲ್ಲೇ ಕೂತಿದ್ರಿ. ನಿಮ್ಮ ಚಿಕ್ಕಪ್ಪನ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ.

ದೊಡ್ಡಪ್ಪ: ಹಳೇದೆಲ್ಲ ಇಲ್ಲಿ ಬೇಡ.

ಚಿಕ್ಕಮ್ಮ: ನೀವು ಹಾಕಿದ್ದೂ ಹಳೇದೇ ಅಲ್ವಾ ಭಾವ?

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪ: ಹಾಗಾದ್ರೆ ಆ ಪಾದ್ರಿ ಕೆಟ್ಟವನು ಅಂತೀಯಾ ನೀನು?

ಇದಕ್ಕೆ ಉತ್ತರ ಬರೆಯಲು ನನಗೆ ಅರ್ಧ ಗಂಟೆ ಬೇಕಾಯಿತು.

ನಾನು: ಕೆಟ್ಟವರಲ್ಲ ದೊಡ್ಡಪ್ಪ. ಆದರೆ 1933ರಲ್ಲಿ ಅವರು ಓಟು ಹಾಕಿದ್ದು ಹಿಟ್ಲರನ ಪಕ್ಷದ ನಾಜಿಗಳಿಗೇ. ಆ ವರ್ಷ ದನಿ ಎತ್ತಿದ್ದೂ ನಿಜ, ಯೆಹೂದಿ ಮೂಲದ ಪಾದ್ರಿಗಳನ್ನು ಚರ್ಚಿನಿಂದ ತೆಗೆಯಲು ಹೊರಟಾಗ. ಅಂದರೆ ತಮ್ಮ ಮನೆಯೊಳಕ್ಕೆ ಬಂದಾಗ. 1934ರಲ್ಲಿ ಜರ್ಮನಿಯ ಬಾರ್ಮೆನ್ ಅನ್ನುವ ಊರಲ್ಲಿ ಅವರ ಕಡೆಯವರು ಸೇರಿ, ಚರ್ಚಿಗೆ ಹಿಟ್ಲರ್ ಒಡೆಯನಲ್ಲ ಅನ್ನುವ ಅರ್ಥದ ಘೋಷಣೆ ಹೊರಡಿಸಿದರು. ಧೈರ್ಯದ ಕೆಲಸವೇ. ಆದರೆ ಅದರಲ್ಲಿ ಯೆಹೂದಿಗಳಿಗೆ ಆಗುತ್ತಿದ್ದ ಅನ್ಯಾಯದ ಬಗ್ಗೆ ಒಂದು ಮಾತೂ ಇಲ್ಲ. 1937ರ ಜುಲೈ 1ರಂದು ಇವರನ್ನೇ ಹಿಡಿದರು. ಬಿಡುಗಡೆ ಆಗಿದ್ದು 1945ರಲ್ಲಿ.

ಅದೇ ವರ್ಷ ಹೆಂಡತಿಯ ಜೊತೆ, ತಾವು ಬಂದಿಯಾಗಿದ್ದ ಡಾಖಾವ್ ಅನ್ನುವ ನಾಜಿ ಸೆರೆ ಶಿಬಿರಕ್ಕೆ ಹೋದರು. ಹೆಣ ಸುಡುತ್ತಿದ್ದ ಕಟ್ಟಡದ ಹತ್ತಿರ ಒಂದು ಬೋರ್ಡು. ಅದರಲ್ಲಿ 1933ರಿಂದ 1945 ಅಂತ ಬರೆದಿತ್ತು. 37ರಿಂದ 45ರವರೆಗೆ ಅವರೇ ಬಂದಿ, ಯಾರೂ ಅವರನ್ನು ಕೇಳುವಂತಿಲ್ಲ. 33ರಿಂದ 37? ಆಗ ಹೊರಗೇ ಇದ್ದರಲ್ಲ. ಆ ನಾಲ್ಕು ವರ್ಷಕ್ಕೆ ಉತ್ತರ ಸಿಗಲಿಲ್ಲ. ಆಮೇಲೆ ಊರೂರಿಗೆ ಹೋಗಿ ಇದನ್ನೇ ಹೇಳಿದರು. ನೀವು ಹಾಕಿದ ಸಾಲುಗಳು ಹುಟ್ಟಿದ್ದು ಆ ಭಾಷಣಗಳಿಂದ. ಗಲ್ಲಿಗೇರಿಸಿದರು ಅಂತ ಸೇರಿಸಿದರೆ ತಪ್ಪೊಪ್ಪಿಗೆ ಹೋಗಿ ವೀರನ ಕಥೆ ಆಗಿಬಿಡುತ್ತೆ. ನನಗೆ ನೋವಾಗಿದ್ದು ಅದಕ್ಕೆ.

ಕಿಟ್ಟಿ ಅಣ್ಣ: ಅಂದ್ರೆ ಧರ್ಮದವರೆಲ್ಲ ಒಂದೇ.

ನಾನು: ಇಲ್ಲ ಅಣ್ಣ. ಯೆಹೋವನ ಸಾಕ್ಷಿಗಳು ಅಂತ ಒಂದು ಸಣ್ಣ ಪಂಗಡ. ಹಿಟ್ಲರನಿಗೆ ಸಲ್ಯೂಟ್ ಹೊಡೆಯಲ್ಲ, ಬಂದೂಕು ಹಿಡಿಯಲ್ಲ ಅಂದರು. ಶಿಬಿರದಲ್ಲಿ ಅವರ ಅಂಗಿಗೆ ಗುರುತಾಗಿ ನೇರಳೆ ಬಣ್ಣದ ತ್ರಿಕೋನ. ನಂಬಿಕೆ ಬಿಟ್ಟೆ ಅಂತ ಒಂದು ಹಾಳೆಗೆ ಸಹಿ ಹಾಕಿದರೆ ಬಿಡುಗಡೆ. ಹೆಚ್ಚಿನವರು ಹಾಕಲಿಲ್ಲ. ಗಾಲೆನ್ ಅನ್ನುವ ಜರ್ಮನಿಯ ಕ್ಯಾಥೊಲಿಕ್ ಬಿಷಪ್ 1941ರ ಆಗಸ್ಟ್‌ನಲ್ಲಿ, ನಾಜಿಗಳು ಬುದ್ಧಿಮಾಂದ್ಯರನ್ನು ಕೊಲ್ಲುತ್ತಿದ್ದಾರೆ ಅಂತ ಚರ್ಚಿನಲ್ಲೇ ಗಟ್ಟಿಯಾಗಿ ಹೇಳಿದರು. ಯೆಹೂದಿಗಳ ಪರವಾಗಿ ಅಂಥ ಪ್ರವಚನ ಅವರಿಂದಲೂ ಬರಲಿಲ್ಲ.

ಸುಮಾ: ಅಜ್ಜಿಯ ಆ ಫೋಟೋ ಯಾರ ಹತ್ರ ಇದೆ?

ಅತ್ತೆ: ಅಷ್ಟುದ್ದ ಯಾರು ಓದ್ತಾರೆ? ಊಟ ಆಯ್ತಾ ಎಲ್ಲರದೂ?

ದೊಡ್ಡಪ್ಪ ಗುಂಪಿನಲ್ಲಿ ಮತ್ತೆ ಏನೂ ಬರೆಯಲಿಲ್ಲ. ರಾತ್ರಿ ಹತ್ತು ಗಂಟೆಗೆ ಚಿಕ್ಕಮ್ಮನ ಮೆಸೇಜ್ ಬಂತು, ನನಗೊಬ್ಬನಿಗೇ.

'ಪೂರ್ತಿ ಓದಿದೆ ಕಣೋ. ಪಾಲಾದ ದಿನ ಜಗಲಿಯಲ್ಲಿ ನೀನೂ ಇದ್ದೆ. ಕಂಬಕ್ಕೆ ಒರಗಿ ನಿಂತಿದ್ದೆ. ನಿನಗಾಗ 24 ವರ್ಷ.'

'ಹೌದು ಚಿಕ್ಕಮ್ಮ, ಇದ್ದೆ' ಅಂತ ಬರೆದೆ.