ಇಂಗ್ಲೆಂಡಿನ ಪಬ್ಬಿನಲ್ಲಿ ಮಧ್ಯಾಹ್ನದ ಊಟ: ಮದ್ಯ ಮುಟ್ಟದವರು ಹೋಗಬಹುದೇ?

ನಿವೃತ್ತ ಮಾಸ್ತರ, ಕಲಬುರಗಿ

ಎಲ್ಲರಿಗೂ ಶರಣು. ಮುಂದಿನ ತಿಂಗಳು ನಾನೂ ನಮ್ಮ ಮನೆಯವರೂ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಅವನ ನೆರೆಮನೆಯ ಹಿರಿಯ ದಂಪತಿಗಳು ಒಂದು ಭಾನುವಾರ ನಮ್ಮೆಲ್ಲರನ್ನೂ ಹಳೆಯದೊಂದು ಪಬ್ಬಿಗೆ ಮಧ್ಯಾಹ್ನದ ಊಟಕ್ಕೆ ಕರೆದಿದ್ದಾರಂತೆ. ಪಬ್ ಎಂಬ ಮಾತು ಕಿವಿಗೆ ಬೀಳುತ್ತಲೇ ಮನೆಯವರು ಮುಖ ಗಂಟಿಕ್ಕಿದರು. ನಾವು ಕಂಡ ಬಾರೆಂದರೆ ಹಗಲಿನಲ್ಲೂ ಕತ್ತಲು, ಬಾಗಿಲಿಗೆ ಪರದೆ, ಪರಿಚಯದವರ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿ ಹೊರಬರುವ ಜನ. ಅಂಥಲ್ಲಿ ಏಳು ವರ್ಷದ ಮೊಮ್ಮಗಳನ್ನು ಕೂರಿಸಿಕೊಂಡು ಉಣ್ಣುವುದು ಹೇಗೆಂಬುದು ಅವರ ಆಕ್ಷೇಪಣೆ. ನಮ್ಮ ಮನೆಯಲ್ಲಿ ಮದ್ಯವಿಲ್ಲ, ಮಾಂಸವಿಲ್ಲ, ಮೊಟ್ಟೆಯೂ ಇಲ್ಲ. ಕುಡಿಯದೆ ಕೂತರೆ ಕರೆದವರಿಗೆ ಬೇಸರವಾದೀತೇ? ನಾವು ತಿನ್ನುವಂಥದ್ದು ಅಲ್ಲಿ ಏನಾದರೂ ಸಿಕ್ಕೀತೇ? ಬಲ್ಲವರು ತಿಳಿಸಬೇಕು.

ಬೀದರಿನ ನರ್ಸಮ್ಮ, ಸದ್ಯ ಲೀಡ್ಸ್

ಸರ್, ಅಮ್ಮನವರಿಗೆ ಧೈರ್ಯ ಹೇಳಿ. ಪಬ್ ಎಂಬುದು 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪ. ಮಧ್ಯಾಹ್ನದ ಹೊತ್ತು ಅದು ನಮ್ಮ ಊರ ಕಟ್ಟೆಯೂ ಹೌದು, ಖಾನಾವಳಿಯೂ ಹೌದು. ನಾನು ಮೊದಲ ಸಲ ಹೋದಾಗ ಕಿಟಕಿಯ ಪಕ್ಕ ಅಜ್ಜಿಯೊಬ್ಬರು ಸೂಪು ಕುಡಿಯುತ್ತ ಪದಬಂಧ ಬಿಡಿಸುತ್ತಿದ್ದರು, ಅವರ ಕಾಲ ಬಳಿ ನಾಯಿ ಮಲಗಿತ್ತು. ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಪಬ್ಬಿನೊಳಗೆ ಧೂಮಪಾನ ನಿಷಿದ್ಧವಾಗಿರುವುದರಿಂದ ಹೊಗೆಯ ಕಾಟವೂ ಇಲ್ಲ. ಹಿರಿಯರ ಜೊತೆಗೆ ಮಕ್ಕಳು ಊಟಕ್ಕೆ ಬರುವುದು ತೀರಾ ಸಾಮಾನ್ಯ; ಸಂಜೆಯಾದ ಮೇಲೆ ಮಾತ್ರ ಕೆಲವು ಕಡೆ ಬಿಡುವುದಿಲ್ಲ.

ಕುಡಿಯದವರನ್ನು ಯಾರೂ ಏಕೆಂದು ಕೇಳುವುದಿಲ್ಲ. ಸೋಡಾಕ್ಕೆ ನಿಂಬೆಯ ಸಿಹಿ ಪಾನಕ ಬೆರೆಸಿದ 'ಲೈಮ್ ಅಂಡ್ ಸೋಡಾ' ಕೇಳಿ, ಅಗ್ಗವಾಗಿಯೂ ಇರುತ್ತದೆ. ಮದ್ಯ ಮಾರುವ ಪರವಾನಗಿಯುಳ್ಳ ಅಂಗಡಿ ಗಿರಾಕಿ ಕೇಳಿದರೆ ನಲ್ಲಿಯ ನೀರನ್ನು ಪುಕ್ಕಟೆಯಾಗಿ ಕೊಡಲೇಬೇಕೆಂಬ ಕಾನೂನೂ ಅಲ್ಲಿದೆ. ಊಟಕ್ಕೆ ಜಾಕೆಟ್ ಪೊಟ್ಯಾಟೊ ನಿಶ್ಚಿಂತೆ: ಸಿಪ್ಪೆಸಹಿತ ಬೇಯಿಸಿದ ದೊಡ್ಡ ಆಲೂಗಡ್ಡೆಯನ್ನು ಸೀಳಿ, ಬೆಣ್ಣೆ ಹಚ್ಚಿ, ಮೇಲೆ ಟೊಮೆಟೊ ರಸದಲ್ಲಿ ಬೆಂದ ಬೀನ್ಸ್ ಕಾಳನ್ನೂ ತುರಿದ ಚೀಸನ್ನೂ ಸುರಿದುಕೊಡುತ್ತಾರೆ. ಖಾರ ಮಾತ್ರ ಇರುವುದಿಲ್ಲ, ಅದಕ್ಕೆ ಸಿದ್ಧರಾಗಿ ಹೋಗಿ.

ಶಹಾಪುರದವನು

ಮಾಸ್ತರರೇ, ಅಲ್ಲಿನ ರೀತಿಯ ಬಗ್ಗೆ ಎರಡು ಮಾತು. ಹೆಚ್ಚಿನ ಪಬ್ಬುಗಳಲ್ಲಿ ಮೇಜಿನ ಬಳಿ ಬಂದು ಕೇಳುವವರಿರುವುದಿಲ್ಲ. ನಾನು ಮೊದಲ ದಿನ ಇಪ್ಪತ್ತು ನಿಮಿಷ ಮಾಣಿಗಾಗಿ ಕಾದು ಕೂತು ಪೆಚ್ಚಾದವನು. ಮೇಜಿನ ಮೂಲೆಯಲ್ಲಿ ಮೊಳೆ ಹೊಡೆದ ಸಣ್ಣ ಹಿತ್ತಾಳೆಯ ಬಿಲ್ಲೆಯ ಮೇಲೆ ನಂಬರು ಇರುತ್ತದೆ. ಅದನ್ನು ನೋಡಿಕೊಂಡು ಕೌಂಟರಿಗೆ ಹೋಗಿ, ಬೇಕಾದುದನ್ನು ಹೇಳಿ, ಅಲ್ಲೇ ಹಣ ಕೊಟ್ಟು ಬಂದರೆ ತಟ್ಟೆ ಮೇಜಿಗೆ ಬರುತ್ತದೆ. ಪಾನೀಯವನ್ನು ಮಾತ್ರ ನಾವೇ ಹಿಡಿದುಕೊಂಡು ಬರಬೇಕು. ಕೌಂಟರಿನ ಮುಂದೆ ಸಾಲು ಕಾಣದಿದ್ದರೂ ಯಾರ ನಂತರ ಯಾರೆಂಬ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ, ಕೈ ಬೀಸಿ ಕರೆಯುವುದನ್ನು ಒರಟುತನವೆಂದು ಭಾವಿಸುತ್ತಾರೆ.

ಇನ್ನು 'ರೌಂಡ್' ಎಂಬುದು ಮುಖ್ಯ. ಒಬ್ಬರು ಎದ್ದು ಇಡೀ ಮೇಜಿಗೆ ಪಾನೀಯ ತಂದರೆ, ಮುಂದಿನ ಸಲ ಇನ್ನೊಬ್ಬರು ತರುತ್ತಾರೆ. ಅವರು ನಿಮಗೆ ನಿಂಬೆ ಸೋಡಾ ತಂದುಕೊಟ್ಟರೆ, ಅವರ ಬಿಯರಿನ ಬೆಲೆ ಹೆಚ್ಚೆಂದು ಲೆಕ್ಕ ಹಾಕದೆ ಮುಂದಿನ ಸುತ್ತನ್ನು ನಿಮ್ಮ ಮಗ ತರಲಿ. ಕುಡಿಯದಿದ್ದರೆ ಬೇಸರವಿಲ್ಲ, ಸರದಿ ತಪ್ಪಿಸಿದರೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

'ಪ್ಲೌಮನ್ಸ್ ಲಂಚ್' ಸಿಕ್ಕರೆ ನೋಡಿ. ಮರದ ಹಲಗೆಯ ಮೇಲೆ ಕಡ್ಡಿಪೆಟ್ಟಿಗೆಯಷ್ಟು ದಪ್ಪ ಚೆಡ್ಡರ್ ಚೀಸ್, ಗಟ್ಟಿ ಬ್ರೆಡ್ಡು, ಹುಳಿಯಲ್ಲಿ ನೆನೆದ ಉಳ್ಳಾಗಡ್ಡಿ, ಸೇಬಿನ ಹೋಳು, ಕಂದು ಬಣ್ಣದ ಸಿಹಿ ಉಪ್ಪಿನಕಾಯಿ. ರೊಟ್ಟಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ನಮ್ಮ ಬುತ್ತಿಯ ನೆನಪಾಗುತ್ತದೆ. (ಉಳುವವನ ಊಟವೆಂಬ ಈ ಹೆಸರನ್ನು ಊರೂರಿಗೆ ಹಬ್ಬಿಸಿದವರು ರೈತರಲ್ಲ, 1950-60ರ ದಶಕಗಳಲ್ಲಿ ಚೀಸಿನ ಪ್ರಚಾರಕ್ಕಿಳಿದವರು.) ಹಂದಿ ಮಾಂಸದ ಹ್ಯಾಮ್ ಹಾಕುವುದುಂಟು, ಬೇಡವೆಂದು ಮೊದಲೇ ಹೇಳಿ.

ಸೇಡಂ ರಸ್ತೆಯವಳು

ನರ್ಸಮ್ಮನವರ ಮಾತಿಗೆ ಒಂದು ತಿದ್ದುಪಡಿ. ಮಾಸ್ತರರು ಹೋಗುವುದು ಭಾನುವಾರ. ಅಂದು ಬಹಳಷ್ಟು ಪಬ್ಬುಗಳಲ್ಲಿ 'ಸಂಡೇ ರೋಸ್ಟ್' ಬಿಟ್ಟರೆ ಬೇರೆ ಊಟ ಸಿಗುವುದೇ ಕಷ್ಟ, ಜಾಕೆಟ್ ಪೊಟ್ಯಾಟೊ ಇರಲಾರದು. ಹುರಿದ ಮಾಂಸ, ಆಲೂಗಡ್ಡೆ, ತರಕಾರಿ, ಮೇಲೆ ಗ್ರೇವಿ ಅದರ ರೂಪ. ಅದರಲ್ಲಿ ತರಕಾರಿ ಮಾತ್ರ ತಿನ್ನುತ್ತೇವೆಂದರೆ ಮೋಸ ಹೋಗುತ್ತೀರಿ: ಗ್ರೇವಿ ಮಾಂಸದ ರಸದ್ದು, ಆಲೂಗಡ್ಡೆಯನ್ನು ಪ್ರಾಣಿಯ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ಉಬ್ಬಿದ ಪೂರಿಯಂತೆ ಕಾಣುವ ಯಾರ್ಕ್‌ಷೈರ್ ಪುಡ್ಡಿಂಗ್ ಮೈದಾ, ಹಾಲು, ಮೊಟ್ಟೆಯಿಂದ ಮಾಡಿದ್ದು; ನೀವು ಹೋಗುತ್ತಿರುವುದು ಅದರ ತವರಿಗೇ.

ಮೆನುವಿನಲ್ಲಿ 'ವಿ' ಅಕ್ಷರವಿದ್ದರೆ ಸಸ್ಯಾಹಾರವೆಂದು ಅರ್ಥ, ಆದರೆ ಅವರ ಸಸ್ಯಾಹಾರದಲ್ಲಿ ಮೊಟ್ಟೆ ಸೇರಿರುತ್ತದೆ. ನಿಮ್ಮಂಥವರು ಹುಡುಕಬೇಕಾದದ್ದು 'ವೀಗನ್' ಎಂದು ಗುರುತು ಹಾಕಿದ ಊಟವನ್ನು. ಅದರಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಕಾಳು, ಬೀಜಗಳನ್ನು ಅರೆದು ಬೇಯಿಸಿದ 'ನಟ್ ರೋಸ್ಟ್' ಹಲವು ಕಡೆ ಸಿಗುತ್ತದೆ, ಅದಕ್ಕೂ ಕೆಲವರು ಮೊಟ್ಟೆ ಬೆರೆಸುತ್ತಾರೆ. ಅಲರ್ಜಿಯ 14 ಪದಾರ್ಥಗಳ ಮಾಹಿತಿಯನ್ನು ಗಿರಾಕಿಗೆ ಕೊಡುವುದು ಅಲ್ಲಿ ಕಡ್ಡಾಯ, ಮೊಟ್ಟೆ ಅದರಲ್ಲೊಂದು. ಆದ್ದರಿಂದ ಸಂಕೋಚವಿಲ್ಲದೆ ಕೇಳಬಹುದು.

ನಿವೃತ್ತ ಮಾಸ್ತರ, ಕಲಬುರಗಿ

ಮೂವರಿಗೂ ಧನ್ಯವಾದಗಳು. ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಮನೆಯವರು ಬರಲು ಒಪ್ಪಿದ್ದಾರೆ, ಕೈಚೀಲದಲ್ಲಿ ಶೇಂಗಾ ಹಿಂಡಿಯ ಡಬ್ಬಿ ಇಟ್ಟುಕೊಳ್ಳುವ ಷರತ್ತಿನ ಮೇಲೆ. ಅದನ್ನು ಮೇಜಿನ ಮೇಲೆ ತೆಗೆಯಬಹುದೇ?

ಬೀದರಿನ ನರ್ಸಮ್ಮ, ಸದ್ಯ ಲೀಡ್ಸ್

ಭಾನುವಾರದ ವಿಷಯ ಸೇಡಂ ರಸ್ತೆಯ ಅಕ್ಕನವರು ಹೇಳಿದ್ದೇ ಸರಿ, ನಾನು ವಾರದ ದಿನಗಳ ಲೆಕ್ಕದಲ್ಲಿ ಬರೆದೆ. ವೀಗನ್ ರೋಸ್ಟ್ ಇದೆಯೇ ಎಂದು ಮಗನಿಂದ ಮೊದಲೇ ಫೋನ್ ಮಾಡಿಸಿ, ಮೇಜನ್ನೂ ಕಾಯ್ದಿರಿಸಿ. ಹೊರಗಿನ ತಿನಿಸು ತರುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ ಸರ್. ಡಬ್ಬಿಯನ್ನು ಚೀಲದಲ್ಲೇ ಇಟ್ಟುಕೊಂಡು, ಮನೆಗೆ ಮರಳಿದ ಮೇಲೆ ಆ ನೆರೆಮನೆಯವರಿಗೂ ಒಂದು ಚಮಚ ರುಚಿ ತೋರಿಸಿ. ಖಾರ ಎಷ್ಟೆಂಬುದನ್ನು ಮಾತ್ರ ಮುಂಚೆಯೇ ಹೇಳಿಬಿಡಿ.