ರಂಗನತಿಟ್ಟನ್ನು ಬಿಡಬೇಡಿ, ಚಿಕ್ಕಮ್ಮ

ಚಿಕ್ಕಮ್ಮ, ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಮೈಸೂರಿಗೆ ಬರುತ್ತಿದ್ದೀರಿ ಎಂದು ಕೇಳಿ ತುಂಬ ಸಂತೋಷವಾಯಿತು. ಆದರೆ "ರಂಗನತಿಟ್ಟು ಒಮ್ಮೆ ನೋಡಿಯಾಗಿದೆ, ಅವತ್ತು ದೋಣಿಯೂ ಇರಲಿಲ್ಲ, ಹಕ್ಕಿಯೂ ಕಾಣಲಿಲ್ಲ, ಈ ಸಲ ಬಿಟ್ಟುಬಿಡೋಣ" ಎಂದಿರಲ್ಲ, ಅದನ್ನು ಕೇಳಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಬರೆದರೆ ಮುಗಿಯುವುದಿಲ್ಲ, ಮಾತಿನಲ್ಲೇ ಹೇಳಿಬಿಡುತ್ತೇನೆ.

ಆಗ ನೀವು ಬಂದದ್ದು ಆಗಸ್ಟ್‌ನಲ್ಲಿ. ಕೆಆರ್‌ಎಸ್ ಅಣೆಕಟ್ಟು ತುಂಬಿ ಹೊಳೆಗೆ ನೀರು ಬಿಟ್ಟಿದ್ದರು. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಪಕ್ಷಿಧಾಮದ ತಿಟ್ಟುಗಳ, ಅಂದರೆ ಹೊಳೆಯ ನಡುವಿನ ನಡುಗಡ್ಡೆಗಳ, ಮೇಲೆಯೇ ಕಾವೇರಿ ಹರಿಯುತ್ತಾಳೆ. ಅಂಥ ಹೊಳೆಗೆ ದೋಣಿ ಇಳಿಸುವುದಿಲ್ಲ, ಇಳಿಸಲೂ ಬಾರದು. ಈಗ ಫೆಬ್ರವರಿ. ನೀರು ಇಳಿದಿದೆ, ಬಂಡೆಗಳು ಮೇಲೆದ್ದಿವೆ, ಗೂಡು ಕಟ್ಟುವ ಕಾಲ. ಕಳೆದ ವಾರ ಹೋಗಿದ್ದೆ. ಒಂದೊಂದು ಮರದ ಮೇಲೂ ಬಣ್ಣದ ಕೊಕ್ಕರೆಗಳು. ಬಾಲದ ಬಳಿಯ ರೆಕ್ಕೆಗರಿಗಳಲ್ಲಿ ಆ ಗುಲಾಬಿ ಬಣ್ಣವನ್ನು ದೋಣಿಯಿಂದ ಹತ್ತಿರದಲ್ಲೇ ನೋಡಬಹುದು. ಕಡ್ಡಿ ಕಚ್ಚಿಕೊಂಡು ಹಾರಿ ಬರುವುದು, ಅದಕ್ಕಾಗಿ ಪಕ್ಕದ ಗೂಡಿನವರ ಜಗಳ, ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೆಜ್ಜಾರ್ಲೆಗಳೂ (ಪೆಲಿಕನ್) ಇದ್ದವು.

ಮಕ್ಕಳಿಗೆ ಬಾಯ್ಕಳಕ ಎಂಬ ಕೊಕ್ಕರೆಯನ್ನು ತೋರಿಸಲೇಬೇಕು. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಬಸವನಹುಳು ತಿನ್ನಲು ಒದಗುವ ಕೊಕ್ಕು ಅದು. ಮೊಸಳೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದರೆ ಹೆದರಬೇಡಿ ಎಂದು ಪುಟ್ಟಿಗೆ ಮೊದಲೇ ಹೇಳಿ. ಅದು ಯಾರನ್ನೋ ನುಂಗಲು ತೆರೆದ ಬಾಯಿಯಲ್ಲ, ಮೈಯ ಬಿಸಿ ಕಳೆದುಕೊಳ್ಳುವ ದಾರಿ. ಆದರೆ ದೋಣಿಯಿಂದ ನೀರಿಗೆ ಕೈ ಹಾಕಲು ಮಾತ್ರ ಬಿಡಬೇಡಿ.

ಒಂದು ವಿಷಯ ನನಗೆ ಪ್ರತಿ ಸಲವೂ ಬೆರಗು ತರುತ್ತದೆ. ಈ ತಿಟ್ಟುಗಳು ಆದಿಯಿಂದ ಹೀಗೆ ಇದ್ದವುಗಳಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ, ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದ ಮೇಲೆ ನಿಂತ ನೀರಿನ ನಡುವೆ ಮೂಡಿದವು. ಗದ್ದೆಗೆಂದು ತಡೆದ ನೀರು ಹಕ್ಕಿಗಳಿಗೆ ತವರಾಯಿತು. ಮುಂದೆ ಪಕ್ಷಿತಜ್ಞ ಸಲೀಂ ಅಲಿಯವರು ಬಂದು ನೋಡಿ, ಇದನ್ನು ಕಾಪಾಡಬೇಕೆಂದು ಮಹಾರಾಜರಿಗೆ ಹೇಳಿದರು, 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು, ನಮ್ಮ ರಾಜ್ಯದಿಂದ ಮೊದಲನೆಯದು. ನಮ್ಮ ಊರಿನ ಪಕ್ಕದ್ದು ಎಂದು ನನಗೆ ಎಷ್ಟು ಹೆಮ್ಮೆ ಎಂದು ಹೇಗೆ ಹೇಳಲಿ!

ಅರಮನೆ, ಮೃಗಾಲಯ ಎಲ್ಲ ಮುಗಿಸಿ ಸಂಜೆಗೆ ಇಲ್ಲಿಗೆ ಬರೋಣ ಎಂದುಕೊಳ್ಳಬೇಡಿ. ರಂಗನತಿಟ್ಟು ಇರುವುದು ಶ್ರೀರಂಗಪಟ್ಟಣದ ಬಳಿ, ಅದು ಮೈಸೂರಿಗೆ ಮೊದಲೇ ಸಿಗುತ್ತದೆ, ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಹೋಗೋಣ. ಭಾನುವಾರ ಹೊತ್ತೇರಿದರೆ ದೋಣಿಗೆ ಸಾಲು ಬೆಳೆಯುತ್ತದೆ, ಗದ್ದಲವೂ ಹೆಚ್ಚುತ್ತದೆ. ಕೂಗಾಟ ನನಗೆ ನಿಜಕ್ಕೂ ಸಂಕಟ ಕೊಡುತ್ತದೆ, ಮೊಟ್ಟೆಗೆ ಕಾವು ಕೊಡುತ್ತಿರುವ ಜೀವಗಳು ಅವು. ದೋಣಿ ನಡೆಸುವವರ ಮಾತನ್ನು ಕಿವಿಗೊಟ್ಟು ಕೇಳಿ; ಅದೇ ನೀರಿನಲ್ಲಿ ದಿನ ಕಳೆದವರು, ಎಲೆಯ ಮರೆಯಲ್ಲಿ ಕುಳಿತ ಹಕ್ಕಿಯನ್ನೂ ಹುಡುಕಿ ತೋರಿಸುತ್ತಾರೆ.

ಅಜ್ಜಿಗೂ ತೊಂದರೆಯಿಲ್ಲ. ದೋಣಿ ಹತ್ತುವಾಗ ನಾನು ಕೈ ಹಿಡಿಯುತ್ತೇನೆ, ಆಮೇಲೆ ದಡದ ಬಿದಿರಿನ ನೆರಳಿನಲ್ಲಿ ಕೂರಿಸೋಣ. ದುರ್ಬೀನು ನನ್ನ ಬಳಿ ಇದೆ. ಶನಿವಾರ ರಾತ್ರಿಯೇ ನಮ್ಮ ಮನೆಗೆ ಬಂದುಬಿಡಿ, ಅಮ್ಮ ಆಗಲೇ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದಾಳೆ. ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಚಿಕ್ಕಪ್ಪನನ್ನು ಕೇಳಿ ತಿಳಿಸಿ.