ಸಹಾಯ ಬೇಕು: ಕಾರವಾರದ ಸೆಕೆ, ಶಿಟ್ಜು ನಾಯಿ, ಗಂಟು ಕಟ್ಟುವ ಕೂದಲು

ನಮಸ್ಕಾರ. ನಾವಿರೋದು ಕಾರವಾರದ ಕೋಡಿಬಾಗದಲ್ಲಿ. ಬೆಂಗಳೂರಲ್ಲಿದ್ದ ಮಗಳು ಕೆಲಸಕ್ಕೆ ಪುಣೆಗೆ ಹೋಗುವಾಗ ತನ್ನ ಶಿಟ್ಜುವನ್ನು ನಮ್ಮಲ್ಲಿ ಬಿಟ್ಟಿದ್ದಾಳೆ. 3 ವರ್ಷದ ಗಂಡು, 6 ಕಿಲೋ ಇದ್ದಾನೆ. ಸ್ವಭಾವ ಬಂಗಾರ. ಮೀನು ಮಾರಲು ಬರುವ ಅಕ್ಕನನ್ನೂ ಬಾಲ ಅಲ್ಲಾಡಿಸಿ ಒಳಗೆ ಕರೀತಾನೆ, ಕಾವಲಿಗಂತೂ ಉಪಯೋಗ ಇಲ್ಲ ಬಿಡಿ.

ತೊಂದರೆ ಕೂದಲಿನದು. ಈ ಜಾತಿಯ ಕೂದಲು ಉದುರೋದು ಕಡಿಮೆ, ಬೆಳೀತಾನೇ ಇರುತ್ತೆ. ಇಲ್ಲಿನ ಹಸಿ ಗಾಳಿಗೆ ದಿನಾ ಬಾಚಿದರೂ ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ಗಂಟು ಕಟ್ಟುತ್ತೆ. ಬಿಡಿಸಿ ನೋಡಿದರೆ ಅಡಿಯ ಚರ್ಮ ಕೆಂಪಗಾಗಿದೆ, ಮುಗ್ಗಲು ವಾಸನೆ ಬೇರೆ. ಕಣ್ಣೀರು ಇಳಿದ ಕಡೆ ಕಂದು ಕಲೆ. ಒದ್ದೆ ಹತ್ತಿಯಲ್ಲಿ ಒರೆಸುತ್ತೇನೆ. ಚಪ್ಪಟೆ ಮೂಗಿನವನು, ಸೆಕೆ ತಡೆಯಲ್ಲ. ಹಾಗಾಗಿ ಬಿಸಿಲೇರುವ ಮೊದಲೇ ಸುತ್ತಾಡಿಸಿ ತರ್ತೇವೆ, ಅದೂ ಕುತ್ತಿಗೆ ಬೆಲ್ಟ್ ಬಿಟ್ಟು ಎದೆಪಟ್ಟಿ ಹಾಕಿ.

ಮಳೆಗಾಲಕ್ಕೆ ಮುಂಚೆ ಕೂದಲು ಕತ್ತರಿಸಿಕೊಡುವವರು ಕಾರವಾರ, ಅಂಕೋಲಾ ಕಡೆ ಯಾರಾದರೂ ಇದ್ದಾರಾ? ಮಡಗಾಂವಾದರೂ ಅಡ್ಡಿಯಿಲ್ಲ, ಆದರೆ ಕಾರು ಹತ್ತಿದರೆ ವಾಂತಿ ಮಾಡ್ಕೊಳ್ತಾನೆ. ಪೂರ್ತಿ ಬೋಳಿಸಿ ಅನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಬರಿ ಚರ್ಮ ಬಿಸಿಲಿಗೆ ಸುಡುತ್ತೆ. ಒಂದಿಂಚು ಉಳಿಸಿದರೆ ಸಾಕಲ್ಲ? ಇನ್ನೊಂದು, ಜೂನ್-ಜುಲೈಯಲ್ಲಿ ಸ್ನಾನ ಮಾಡಿಸಿದರೆ ಬುಡದವರೆಗೆ ಒಣಗಿಸುವುದು ಹೇಗೆ? ಡ್ರೈಯರ್ ಸದ್ದು ಕೇಳಿದರೆ ಮಂಚದಡಿ ಸೇರ್ತಾನೆ. ಉಣುಗಿಗೆ ಪಶುವೈದ್ಯರು ಕೊಟ್ಟ ಔಷಧ ನಡೀತಿದೆ, ಆ ಸಲಹೆ ಬೇಡ. ಕರಾವಳಿಯಲ್ಲೇ ಇಂಥ ನಾಯಿ ಸಾಕಿದವರು ದಯವಿಟ್ಟು ಹೇಳಿ.